ದನಗಾಹಿಗಳ ಊರು ಅಬಿಲೀನ್

‘ಓದು ಹತ್ತದಿದ್ದರೆ ದನ ಕಾಯಲು ಹೋಗು’ ಎಂಬ ಮಾತನ್ನು ಕೇಳದೆ ನಮ್ಮ ತಲೆಮಾರಿನ ಯಾವ ವಿದ್ಯಾರ್ಥಿಯೂ ಹೈಸ್ಕೂಲು ದಾಟಿರಲಾರ. ತುಮಕೂರು ಜಿಲ್ಲೆಯ ಹೋಬಳಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಬೋಧಿಸಿದ ನನ್ನ ಕಿವಿಗೆ ಈ ಮಾತು ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಆದರೆ ಅದೇ ಹುಡುಗರು ಪೇಟೆಯ ಟೆಂಟಿನಲ್ಲಿ ಅಗಲವಾದ ಟೋಪಿಯ, ಸೊಂಟಕ್ಕೆ ಪಿಸ್ತೂಲು ಕಟ್ಟಿದ ಅಮೆರಿಕದ ‘ಕೌಬಾಯ್’ಯನ್ನು ಕಂಡರೆ ಶಿಳ್ಳೆ ಹೊಡೆಯುತ್ತಿದ್ದರು. ಕೌಬಾಯ್ ಎಂದರೆ ಅಕ್ಷರಶಃ ದನ ಕಾಯುವ ಹುಡುಗನೇ ಎಂದು ತರಗತಿಯಲ್ಲಿ ಹೇಳಿದರೆ ನಂಬುವವರು ಕಡಿಮೆ. ಹಾಗೆಂದು ನಮ್ಮಲ್ಲಿ ದನಗಾಹಿಗೆ ಎಂದೂ ಮರ್ಯಾದೆಯಿರಲಿಲ್ಲವೆಂದು ತಿಳಿಯಬಾರದು. ತುರುಗಳನ್ನು ಕಳ್ಳರಿಂದ ಬಿಡಿಸುವ ಕಾದಾಟದಲ್ಲಿ ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ಕನ್ನಡನಾಡಿನ ಎಷ್ಟೋ ಊರಬಾಗಿಲುಗಳಲ್ಲಿ ಇಂದಿಗೂ ಇವೆ. ಆ ಗೌರವ ಯಾವಾಗ ಬೈಗುಳವಾಯಿತೆಂಬುದು ಬೇರೆಯೇ ಒಂದು ಲೇಖನದ ವಸ್ತು.

2023ರ ಜೂನ್ ತಿಂಗಳಲ್ಲಿ ಕ್ಯಾನ್ಸಸ್ ಸಿಟಿಯ ಸಮೀಪದಲ್ಲಿರುವ ಮಗಳ ಮನೆಯಲ್ಲಿದ್ದಾಗ ಅಳಿಯಂದಿರು, “ಮಾವ, ನಿಮಗೆ ಇತಿಹಾಸದ ಹುಚ್ಚು. ಈ ಶನಿವಾರ ಅಬಿಲೀನಿಗೆ ಹೋಗಿಬರೋಣ” ಎಂದರು. ಪಶ್ಚಿಮಕ್ಕೆ ಸುಮಾರು 150 ಮೈಲಿ. ಹೆದ್ದಾರಿ 70ರಲ್ಲಿ ಎರಡೂವರೆ ಗಂಟೆಯ ಹಾದಿ. ನಡುವೆ ಫ್ಲಿಂಟ್ ಹಿಲ್ಸ್ ಎಂಬ ಹುಲ್ಲುಗಾವಲಿನ ದಿಣ್ಣೆಗಳು ಬರುತ್ತವೆ. ಗಿಡಮರಗಳಿಲ್ಲದೆ ಕಣ್ಣು ಹರಿಯುವಷ್ಟು ದೂರ ಹಸಿರು ಹುಲ್ಲೇ ತೂಗಾಡುವ ಆ ನೋಟವನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ಅಮೃತಮಹಲ್ ಕಾವಲುಗಳು.

ಅಬಿಲೀನ್ ಈಗ ಆರೂವರೆ ಸಾವಿರ ಜನರಿರುವ ಅಚ್ಚುಕಟ್ಟಾದ ಪಟ್ಟಣ. 1857ರ ಹೊತ್ತಿಗೆ ಇಲ್ಲಿ ಮೊದಲು ನೆಲೆನಿಂತವರು ಹರ್ಸಿ ದಂಪತಿ. ಆ ಗೃಹಿಣಿ ಬೈಬಲ್ಲಿನ ಲೂಕನ ಸುವಾರ್ತೆಯಿಂದ ಆರಿಸಿದ ಹೆಸರೇ ಊರಿಗೆ ನಿಂತಿತೆನ್ನುತ್ತಾರೆ. ಹತ್ತು ವರ್ಷಗಳ ನಂತರವೂ ಊರೆಂದರೆ ಹತ್ತು ಹನ್ನೆರಡು ಮರದ ದಿಮ್ಮಿಯ ಗುಡಿಸಲುಗಳು, ಅವುಗಳಲ್ಲಿ ಹೆಚ್ಚಿನವಕ್ಕೆ ಮಣ್ಣಿನ ಮಾಳಿಗೆ. ಊರಿನ ಏಕೈಕ ಹೆಂಡದಂಗಡಿಯವನು ವ್ಯಾಪಾರ ಸಾಲದೆ ಬಯಲಿನ ‘ಪ್ರೇರಿ ಡಾಗ್’ ಎಂಬ ಅಳಿಲಿನ ಜಾತಿಯ ಪ್ರಾಣಿಗಳನ್ನು ಸಾಕಿ, ರೈಲಿನಲ್ಲಿ ಬರುವ ಪ್ರವಾಸಿಗಳಿಗೆ ಮಾರಿಕೊಂಡಿದ್ದನಂತೆ. ಈ ಸಂಗತಿಯನ್ನು ಬರೆದಿಟ್ಟವನು ಜೋಸೆಫ್ ಮ್ಯಾಕಾಯ್. ಊರಿನ ಹಣೆಬರಹವನ್ನು ಬದಲಿಸಿದವನೂ ಅವನೇ.

ಮ್ಯಾಕಾಯ್ ಇಲಿನಾಯ್ ಪ್ರಾಂತದ ದನದ ವ್ಯಾಪಾರಿ. 1867ರಲ್ಲಿ ಮೂವತ್ತರ ಗಡಿ ದಾಟದ ಯುವಕ. ಅಮೆರಿಕದ ಅಂತರ್ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಸೋತ ದಕ್ಷಿಣದ ಟೆಕ್ಸಾಸಿನಲ್ಲಿ ಗಂಡಸರು ಯುದ್ಧಕ್ಕೆ ಹೋಗಿದ್ದ ಕಾಲದಲ್ಲಿ ಹೇಳುವವರು ಕೇಳುವವರಿಲ್ಲದೆ ಬೆಳೆದ ನೀಳಗೊಂಬಿನ ದನಗಳು ಐವತ್ತು ಲಕ್ಷದಷ್ಟಿದ್ದವೆಂದು ಅಂದಾಜು. ಅಲ್ಲಿ ಒಂದು ದನಕ್ಕೆ ನಾಲ್ಕು ಡಾಲರ್ ಹುಟ್ಟುವುದೂ ಕಷ್ಟ. ಉತ್ತರದ ನಗರಗಳಲ್ಲಿ ಅದೇ ದನಕ್ಕೆ ಮೂವತ್ತು ನಲವತ್ತು ಡಾಲರ್. ಷಿಕಾಗೋದಲ್ಲಿ 1865ರ ಕೊನೆಯಲ್ಲಿ ಬೃಹತ್ ದನದ ಮಂಡಿ ತೆರೆದಿತ್ತು. ಆದರೆ ಟೆಕ್ಸಾಸಿನಿಂದ ಉತ್ತರಕ್ಕೆ ಆಗ ರೈಲುಮಾರ್ಗವಿರಲಿಲ್ಲ. ಪೂರ್ವದಿಂದ ಕ್ಯಾನ್ಸಸ್ ಬಯಲಿಗೆ ಹಳಿ ಹಾಸುತ್ತಾ ಬರುತ್ತಿದ್ದ ರೈಲನ್ನು ದನಗಳು ಎಲ್ಲಿ ಬಂದು ಸೇರಬೇಕೆಂಬುದೇ ಪ್ರಶ್ನೆ.

ಒಂದು ರೈಲು ಕಂಪನಿಯ ಅಧ್ಯಕ್ಷನು ಮ್ಯಾಕಾಯ್‌ನನ್ನು ಕೋಣೆಯಿಂದ ಹೊರಗಟ್ಟಿದನಂತೆ. ಇನ್ನೊಂದು ಕಂಪನಿ ಅರೆಮನಸ್ಸಿನಿಂದ ಒಪ್ಪಿತು. ಅಬಿಲೀನಿನಲ್ಲಿ 250 ಎಕರೆ ಕೊಂಡು, ದೂರದಿಂದ ಮರ ತರಿಸಿ, ದೊಡ್ಡಿಗಳನ್ನೂ ತೂಕದ ಕಟ್ಟೆಯನ್ನೂ ‘ಡ್ರೋವರ್ಸ್ ಕಾಟೇಜ್’ ಎಂಬ ಹೋಟೆಲನ್ನೂ ಅವನು ಒಂದೇ ಬೇಸಿಗೆಯಲ್ಲಿ ಎಬ್ಬಿಸಿದ. 1867ರ ಸೆಪ್ಟೆಂಬರ್ 5ರಂದು ಇಪ್ಪತ್ತು ಡಬ್ಬಿಗಳ ತುಂಬ ದನ ತುಂಬಿಕೊಂಡು ಮೊದಲ ರೈಲು ಪೂರ್ವಕ್ಕೆ ಹೊರಟಿತು. ಆ ವರ್ಷ ಬಂದ ದನ ಸುಮಾರು 35,000. ಮುಂದಿನ ನಾಲ್ಕು ವರ್ಷಗಳಲ್ಲಿ ಅದು ಲಕ್ಷಗಳಿಗೇರಿತು. ಈ ದನಗಳು ಹೋಗುತ್ತಿದ್ದುದು ಕಸಾಯಿಖಾನೆಗೆ. ಸಿದ್ಧಗಂಗೆಯ ದನದ ಜಾತ್ರೆಯನ್ನು ನೋಡಿ ಬೆಳೆದ ನನ್ನಂಥವನಿಗೆ ಹಳೆಯ ಚಿತ್ರಗಳಲ್ಲಿನ ಆ ದೊಡ್ಡಿಗಳು ಪರಿಚಿತವೆಂಬಂತೆ ಕಂಡವು. ಅವು ಸೇರುತ್ತಿದ್ದ ಸ್ಥಳವಲ್ಲ. ಇದನ್ನು ಮುಚ್ಚಿಟ್ಟು ಈ ಇತಿಹಾಸವನ್ನು ಹೇಳಲಾಗದು.

ಇಷ್ಟಕ್ಕೂ ಈ ವ್ಯಾಪಾರ ಪೂರ್ಣವಾಗಿ ಕಾನೂನಿಗೆ ಒಳಪಟ್ಟದ್ದಾಗಿರಲಿಲ್ಲ. ಅದೇ ವರ್ಷದ ಆರಂಭದಲ್ಲಿ ಕ್ಯಾನ್ಸಸ್ ಶಾಸನಸಭೆ ರಾಜ್ಯದ ಪೂರ್ವಭಾಗಕ್ಕೆ ಟೆಕ್ಸಾಸ್ ದನಗಳು ಕಾಲಿಡಬಾರದೆಂದು ಗೆರೆಯೆಳೆದಿತ್ತು. ಅಬಿಲೀನ್ ಆ ಗೆರೆಯ ಒಳಗೇ, ನಿಷಿದ್ಧ ಭಾಗದಲ್ಲೇ ಇತ್ತು! ರಾಜ್ಯಪಾಲರೇ ಮ್ಯಾಕಾಯ್‌ನ ಯೋಜನೆಗೆ ಒಲವು ತೋರಿದ್ದರಿಂದ ಯಾರೂ ತಡೆಯಲಿಲ್ಲ. ಗೆರೆಯ ಹಿಂದಿದ್ದ ಕಾರಣ ‘ಟೆಕ್ಸಾಸ್ ಜ್ವರ’. ಟೆಕ್ಸಾಸಿನ ದನಗಳು ಗಟ್ಟಿಮುಟ್ಟಾಗಿಯೇ ಇರುತ್ತಿದ್ದವು. ಆದರೆ ಅವು ಹಾದುಹೋದ ಹಾದಿಯಲ್ಲಿ ಮೇಯ್ದ ರೈತರ ಹಸುಗಳು ಕೆಲವು ವಾರಗಳಲ್ಲಿ ಜ್ವರ ಬಂದು ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ದನ ನೋಡಿದರೆ ರೋಗವಿಲ್ಲ, ನಡೆದ ಹಾದಿಯೆಲ್ಲ ಸಾವು. ಟೆಕ್ಸಾಸಿನವರು ಇದೆಲ್ಲ ಉತ್ತರದವರ ಕಟ್ಟುಕತೆಯೆಂದರು. ರೈತರು ಬಂದೂಕು ಹಿಡಿದು ಹಾದಿಯಲ್ಲಿ ನಿಂತರು. ಒಗಟು ಒಡೆದದ್ದು 1893ರಲ್ಲಿ, ಅಬಿಲೀನಿನ ಸಂತೆ ಮುಗಿದು ಎರಡು ದಶಕವಾದ ಮೇಲೆ. ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ಈ ರೋಗವನ್ನು ಹರಡುವುದು ದನದ ಮೈಗೆ ಕಚ್ಚಿಕೊಳ್ಳುವ ಉಣ್ಣಿ, ನಮ್ಮ ಕಡೆಯವರು ಉಣುಗು ಎನ್ನುವ ಹುಳು, ಎಂದು ತೋರಿಸಿಕೊಟ್ಟರು. ಹುಳು ರೋಗವನ್ನು ಸಾಗಿಸಬಲ್ಲದೆಂಬುದಕ್ಕೆ ಸಿಕ್ಕ ಮೊದಮೊದಲ ಸಾಕ್ಷ್ಯಗಳಲ್ಲಿ ಇದೂ ಒಂದು. ಮಲೇರಿಯಾ ಸೊಳ್ಳೆಯ ಕುರಿತ ರೊನಾಲ್ಡ್ ರಾಸ್‌ರ ಶೋಧಕ್ಕಿಂತಲೂ ನಾಲ್ಕು ವರ್ಷ ಹಿಂದಿನದು.

ಇಲ್ಲಿಯೇ ನಮ್ಮ ನಾಡಿನ ಒಂದು ಎಳೆ ಬಂದು ಸೇರುತ್ತದೆ. ಉಣ್ಣಿಗೂ ಸೆಕೆಗೂ ಜಗ್ಗದ ತಳಿಯನ್ನು ಅರಸುತ್ತಿದ್ದ ಟೆಕ್ಸಾಸಿನ ಜಮೀನುದಾರರು ಭಾರತದ ಡುಬ್ಬದ ದನಗಳನ್ನು ತರಿಸಿಕೊಂಡರು. 1906ರಲ್ಲಿ ಅಂಥ ಒಂದು ಹಿಂಡು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದು, ಅಲ್ಲಿ ದಿಗ್ಬಂಧನದಲ್ಲಿದ್ದು ಬಳಿಕ ಟೆಕ್ಸಾಸ್ ಸೇರಿತು. ಗುಜರಾತಿನ ಗೀರ್ ಮತ್ತು ಗುಜರಾತ್ ತಳಿ, ಆಂಧ್ರದ ನೆಲ್ಲೂರು ತಳಿ, ನಮ್ಮ ಕೃಷ್ಣಾತೀರದ ‘ಕೃಷ್ಣಾ ಕಣಿವೆ’ ತಳಿ ಇವುಗಳ ರಕ್ತ ಬೆರೆತು ಹುಟ್ಟಿದ್ದೇ ಇಂದು ಲೋಕವೆಲ್ಲ ಹರಡಿರುವ ಅಮೆರಿಕನ್ ‘ಬ್ರಾಹ್ಮನ್’ ತಳಿ. ಅಥಣಿ, ಚಿಕ್ಕೋಡಿಗಳ ಎರೆಭೂಮಿಯನ್ನು ಉತ್ತ ಎತ್ತುಗಳ ವಂಶ ಹೀಗೆ ಕೌಬಾಯ್‌ಗಳ ನಾಡಿನಲ್ಲಿ ಬೆಳೆಯುತ್ತಿದೆ. ನಮ್ಮಲ್ಲಿ ಮಾತ್ರ ಆ ಶುದ್ಧ ತಳಿಯನ್ನು ಹುಡುಕಿ ನೋಡಬೇಕಾದ ಸ್ಥಿತಿ ಬಂದಿರುವುದು ದುಃಖದ ಸಂಗತಿ.

ಇನ್ನು ದನ ಹೊಡೆದುಕೊಂಡು ಬಂದವರ ವಿಷಯ. ಟೆಕ್ಸಾಸಿನ ದಕ್ಷಿಣ ಭಾಗದಿಂದ ಅಬಿಲೀನಿಗೆ ಹೆಚ್ಚುಕಡಿಮೆ ಸಾವಿರ ಮೈಲಿ. ಈ ಹಾದಿಗೆ ಚಿಸಮ್ ಟ್ರೇಲ್ ಎಂದು ಹೆಸರು. ವಿಚಿತ್ರವೆಂದರೆ ಜೆಸ್ಸಿ ಚಿಸಮ್ ದನಗಾಹಿಯೇ ಅಲ್ಲ. ತಂದೆ ಸ್ಕಾಟಿಷ್ ಮೂಲದವನು, ತಾಯಿ ಚೆರೊಕೀ ಬುಡಕಟ್ಟಿನವಳು. ಮೂಲನಿವಾಸಿಗಳೊಡನೆ ವ್ಯಾಪಾರ ಮಾಡಲು ಬಂಡಿ ಹೊಡೆಯುತ್ತಿದ್ದ ಬಹುಭಾಷಾ ಪಂಡಿತ. 1868ರಲ್ಲಿ ತೀರಿಕೊಂಡ. ಅವನ ಬಂಡಿಯ ಗಾಲಿಗಳು ಕೊರೆದ ಜಾಡನ್ನು ದನಗಳು ಹಿಡಿದವು, ಹೆಸರು ಉಳಿಯಿತು.

ಎರಡೂವರೆ ಮೂರು ಸಾವಿರ ದನಗಳ ಹಿಂಡಿಗೆ ಹತ್ತು ಹನ್ನೆರಡು ಮಂದಿ ಸವಾರರು, ಒಬ್ಬ ಮುಖಂಡ, ಒಬ್ಬ ಅಡುಗೆಯವನು, ಬದಲಿ ಕುದುರೆಗಳನ್ನು ನೋಡಿಕೊಳ್ಳಲು ಒಬ್ಬ ಹುಡುಗ. ದಿನಕ್ಕೆ ಹತ್ತರಿಂದ ಹದಿನೈದು ಮೈಲಿ. ಅವಸರಪಡಿಸಿದರೆ ದನ ಸೊರಗಿ ಬೆಲೆ ಇಳಿಯುತ್ತದೆ. ಆದುದರಿಂದ ಮೇಯಿಸುತ್ತಾ ನಡೆಸಬೇಕು. ಹೀಗೆ ಎರಡು ಮೂರು ತಿಂಗಳು. ಅನುಭವಸ್ಥರು ಹಿಂಡಿನ ಮುಂದೆ, ಹೊಸಬರು ಹಿಂದೆ. ಹಿಂದಿನವರಿಗೆ ಸಿಗುತ್ತಿದ್ದುದು ಹನ್ನೆರಡು ಸಾವಿರ ಗೊರಸುಗಳು ಎಬ್ಬಿಸಿದ ಧೂಳು. ಮೂಗು ಬಾಯಿಗೆ ಕಟ್ಟಿಕೊಳ್ಳುತ್ತಿದ್ದ ಆ ಕರವಸ್ತ್ರವನ್ನೇ ಮುಂದೆ ಸಿನಿಮಾದವರು ದರೋಡೆಕೋರರ ಮುಖವಾಡವಾಗಿಸಿದರು. ರಾತ್ರಿ ಇಬ್ಬಿಬ್ಬರಾಗಿ ಎರಡೆರಡು ಗಂಟೆ ಕಾವಲು. ಮಲಗಿದ ದನಗಳ ಸುತ್ತ ಕುದುರೆಯನ್ನು ನಿಧಾನವಾಗಿ ನಡೆಸುತ್ತಾ ಮೆಲುದನಿಯಲ್ಲಿ ಹಾಡುತ್ತಿರಬೇಕು. ಮನುಷ್ಯನ ಧ್ವನಿ ಕೇಳುತ್ತಿದ್ದರೆ ದನ ಬೆದರುವುದಿಲ್ಲ. ಒಂದು ಸಿಡಿಲು ಬಡಿದರೆ ಸಾಕು, ಇಡೀ ಹಿಂಡು ಕತ್ತಲಲ್ಲಿ ಓಟ ಕೀಳುತ್ತಿತ್ತು. ತುಂಬಿದ ಹೊಳೆ ದಾಟುವಾಗ ಮುಳುಗಿ ಸತ್ತವರು, ಕುದುರೆಯಿಂದ ಬಿದ್ದು ಸತ್ತವರು ಗುಂಡೇಟಿಗೆ ಸತ್ತವರಿಗಿಂತ ಹೆಚ್ಚು. ಅಡುಗೆಯವನು ರಾತ್ರಿ ಮಲಗುವ ಮುನ್ನ ಬಂಡಿಯ ಮೂಕಿಯನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿಡುತ್ತಿದ್ದ, ಬೆಳಗ್ಗೆ ದಿಕ್ಕು ತಪ್ಪದಿರಲೆಂದು.

ದಾರಿಯಲ್ಲಿ ಹುಟ್ಟಿದ ಕರುಗಳು ಹಿಂಡಿನೊಡನೆ ನಡೆಯಲಾರವು. ಬೆಳಗಾಗುತ್ತಲೇ ಅವನ್ನು ಕೊಲ್ಲುವ ಕೆಲಸ ಯಾರಾದರೊಬ್ಬ ಹುಡುಗನ ಪಾಲಿಗೆ ಬರುತ್ತಿತ್ತು. ತಾಯಿ ಹಸು ರಾತ್ರಿ ಹಿಂದಿರುಗಿ ಕರುವನ್ನು ಹುಡುಕಿಕೊಂಡು ಹೋಗುವುದನ್ನು ತಡೆಯುವುದೂ ಕಾವಲಿನ ಕೆಲಸವೇ. ಪುಣ್ಯಕೋಟಿಯ ಕತೆಯನ್ನು ಎಳೆಯ ಮಕ್ಕಳಿಗೆ ಹೇಳಿಕೊಂಡು ಬಂದ ಬಾಯಿಗೆ ಈ ವಿವರವನ್ನು ಮೊಮ್ಮಗಳಿಗೆ ಹೇಳಲು ಧೈರ್ಯ ಬರಲಿಲ್ಲ.

ಇಷ್ಟೆಲ್ಲಕ್ಕೆ ಸಂಬಳ ತಿಂಗಳಿಗೆ ಇಪ್ಪತ್ತೈದರಿಂದ ನಲವತ್ತು ಡಾಲರ್. ಸವಾರರಲ್ಲಿ ಅನೇಕರು ಇನ್ನೂ ಮೀಸೆ ಚಿಗುರದವರು. ಸುಮಾರು ನಾಲ್ವರಲ್ಲಿ ಒಬ್ಬ ಕರಿಯ ಜನಾಂಗದವನೆಂದು ಇತಿಹಾಸಕಾರರ ಅಂದಾಜು; ಅವರಲ್ಲಿ ಹಲವರು ಕೆಲವೇ ವರ್ಷಗಳ ಹಿಂದೆ ಗುಲಾಮರಾಗಿದ್ದವರು. ಮೆಕ್ಸಿಕೋದವರೂ ಬಹಳ. ವಾಸ್ತವವಾಗಿ ಈ ವಿದ್ಯೆಯೇ ಅವರದು. ರಾಂಚ್, ರೋಡಿಯೋ, ಲಾಸೋ, ಬ್ರಾಂಕೋ ಮೊದಲಾದ ಮಾತುಗಳೆಲ್ಲ ಸ್ಪ್ಯಾನಿಷ್ ಮೂಲದವು. ಸಿನಿಮಾದ ಪರದೆಯಲ್ಲಿ ಬಹುಕಾಲ ಬಿಳಿಯರೇ ಕಾಣಿಸಿಕೊಂಡದ್ದು ಇತಿಹಾಸದ ದೋಷವಲ್ಲ, ಕ್ಯಾಮೆರಾ ಹಿಡಿದವರ ದೋಷ. ಹಾಗೆಯೇ ಹಿಂಡುಗಳು ದಾಟಿಬರುತ್ತಿದ್ದ ಇಂದಿನ ಓಕ್ಲಹೋಮ ಆಗ ಮೂಲನಿವಾಸಿಗಳಿಗೆಂದು ಬಿಟ್ಟಿದ್ದ ಪ್ರದೇಶ. ತಮ್ಮ ಹುಲ್ಲು ಮೇಯ್ದುದಕ್ಕೆ ದನವೊಂದಕ್ಕೆ ಹತ್ತು ಸೆಂಟಿನಂತೆ ಅವರು ಸುಂಕ ಕೇಳಿದರೆ ಅದನ್ನು ದರೋಡೆಯೆಂದು ದೂರಿದವರುಂಟು.

ಮೂರು ತಿಂಗಳ ಧೂಳು ತಿಂದು ಬಂದ ಹುಡುಗನ ಕೈಗೆ ಅಬಿಲೀನಿನಲ್ಲಿ ಒಟ್ಟಿಗೆ ಸಂಬಳ ಬೀಳುತ್ತಿತ್ತು. ಮೊದಲು ಬಿಸಿನೀರಿನ ಸ್ನಾನ, ಕ್ಷೌರ, ಹೊಸ ಬೂಟು. ಬಳಿಕ ಟೆಕ್ಸಾಸ್ ಬೀದಿಯ ಹೆಂಡದಂಗಡಿ, ಇಸ್ಪೀಟು, ಇನ್ನುಳಿದ ಮನೆಗಳು. ಕೆಲವೇ ದಿನಗಳಲ್ಲಿ ಜೇಬು ಬರಿದು. ಊರಿನವರು ಕಟ್ಟಿಸಿದ ಮೊದಲ ಸೆರೆಮನೆಯನ್ನು ದನಗಾಹಿಗಳು ಕೆಡವಿಹಾಕಿದರಂತೆ; ಮೊದಲ ಕೈದಿಯಾಗಿದ್ದ ಒಂದು ತಂಡದ ಕರಿಯ ಅಡುಗೆಯವನನ್ನು ಗೆಳೆಯರು ಬಂದು ಬಿಡಿಸಿಕೊಂಡು ಹೋದರೆಂದೂ ಹೇಳುತ್ತಾರೆ. ಅಡುಗೆಯವನಿಲ್ಲದೆ ಊಟ ಸಿಗುವುದಾದರೂ ಹೇಗೆ?

ಆದರೂ ಕೊಲೆಗಳ ಕತೆಗೆ ಬಣ್ಣ ಹಚ್ಚಿದ್ದೇ ಹೆಚ್ಚು. ರಾಬರ್ಟ್ ಡಿಕ್‌ಸ್ಟ್ರಾ ಎಂಬ ಇತಿಹಾಸಕಾರರು 1968ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಬಿಲೀನ್, ಎಲ್ಸ್‌ವರ್ತ್, ವಿಚಿಟಾ, ಡಾಡ್ಜ್ ಸಿಟಿ, ಕಾಲ್ಡ್‌ವೆಲ್ ಎಂಬ ಐದು ಊರುಗಳ ದಾಖಲೆಗಳನ್ನು ಜಾಲಾಡಿ, 1870ರಿಂದ 1885ರವರೆಗೆ ಸಿಕ್ಕ ಹತ್ಯೆಗಳು ಒಟ್ಟು 45 ಎಂದು ಲೆಕ್ಕ ಕೊಟ್ಟರು. ಸಂತೆಯ ಋತುವೊಂದಕ್ಕೆ ಊರಿಗೆ ಸರಾಸರಿ ಒಂದೂವರೆ! ನಾವು ನೋಡಿದ ಒಂದೇ ಸಿನಿಮಾದಲ್ಲಿ ಇದಕ್ಕಿಂತ ಹೆಚ್ಚು ಹೆಣ ಬೀಳುತ್ತವೆ.

ಅಂದಿನ ಊರಿನ ಮಾದರಿಯಲ್ಲಿ ಕಟ್ಟಿರುವ ‘ಓಲ್ಡ್ ಅಬಿಲೀನ್ ಟೌನ್’ ಎಂಬ ಪ್ರವಾಸಿ ಬೀದಿಯಲ್ಲಿ ನಾವು ಹೋದ ದಿನವೂ ಒಂದು ಗುಂಡಿನ ಕಾಳಗದ ಪ್ರದರ್ಶನವಿತ್ತು. ಢಂ ಢಂ ಎಂದು ಹೊಗೆಯೆದ್ದು ಮೂವರು ಉರುಳಿದರು; ಮಕ್ಕಳು ಚಪ್ಪಾಳೆ ತಟ್ಟಿದರು; ಸತ್ತವರು ಎದ್ದು ಟೋಪಿ ತೆಗೆದು ವಂದಿಸಿದರು. ನಮ್ಮೂರ ಬಯಲಾಟದ ರಾಕ್ಷಸರು ಬೆಳಗಿನ ಜಾವ ಚಹಾ ಕುಡಿಯುತ್ತಿದ್ದುದನ್ನು ಕಂಡ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಊರಿನ ಉದ್ಯಾನದಲ್ಲಿ 2022ರಲ್ಲಿ ನಿಲ್ಲಿಸಿದ, ಸುಮಾರು ಇಪ್ಪತ್ತು ಅಡಿ ಅಗಲದ ಬೆಲ್ಟಿನ ಬಕಲ್ ಒಂದಿದೆ; ಗಿನ್ನೆಸ್ ದಾಖಲೆಯಂತೆ. ಮೊಮ್ಮಗಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದಿಲ್ಲ.

ದನ ತಂದ ಹಣದ ಊರು ದನಗಳನ್ನು ಬೇಡವೆಂದದ್ದೇ ನನಗೆ ಈ ಚರಿತ್ರೆಯ ಮರ್ಮಸ್ಥಾನವಾಗಿ ತೋರುತ್ತದೆ. 1862ರ ಹೋಮ್‌ಸ್ಟೆಡ್ ಕಾನೂನಿನಂತೆ 160 ಎಕರೆ ಹಿಡಿದು ಬಂದ ರೈತರು ಸುತ್ತಲೂ ಉಳಲಾರಂಭಿಸಿದ್ದರು. ಬೇಲಿಗೆ ಮರವಿಲ್ಲ, ಮುಳ್ಳುತಂತಿಗೆ ಗ್ಲಿಡನ್ ಹಕ್ಕುಪತ್ರ ಪಡೆದದ್ದು 1874ರಲ್ಲಿ. ಲಕ್ಷಗಟ್ಟಲೆ ದನ ನಡೆದರೆ ಬೆಳೆಯ ಗತಿಯೇನು? 1872ರ ಫೆಬ್ರವರಿಯಲ್ಲಿ ಊರಿನವರೂ ರೈತರೂ ಸಹಿ ಹಾಕಿದ ಪ್ರಕಟಣೆಯೊಂದು ಟೆಕ್ಸಾಸಿಗೆ ಹೋಯಿತು: ಇನ್ನು ಮುಂದೆ ನಿಮ್ಮ ದನಗಳನ್ನು ಬೇರೆಲ್ಲಿಗಾದರೂ ಹೊಡೆದುಕೊಂಡು ಹೋಗಿ. ಅವರು ಹಾಗೆಯೇ ಮಾಡಿದರು. ಸಂತೆ ಎಲ್ಸ್‌ವರ್ತಿಗೆ ಸರಿಯಿತು; ಮ್ಯಾಕಾಯ್ ಕಟ್ಟಿಸಿದ ಹೋಟೆಲಿನ ಒಂದು ಭಾಗವನ್ನೇ ಕಿತ್ತು ಅಲ್ಲಿಗೆ ಸಾಗಿಸಿದರು. ಟೆಕ್ಸಾಸ್ ಬೀದಿಯಲ್ಲಿ ಬಾಗಿಲು ಮುಚ್ಚಿದ ಅಂಗಡಿಗಳು ಉಳಿದವು. ಮ್ಯಾಕಾಯ್‌ಗೆ ಅದಕ್ಕೂ ಮುಂಚೆಯೇ ಏಟು ಬಿದ್ದಿತ್ತು. ಡಬ್ಬಿಯೊಂದಕ್ಕೆ ಇಷ್ಟೆಂದು ಕೊಡಲೊಪ್ಪಿದ್ದ ಹಣವನ್ನು ರೈಲು ಕಂಪನಿ ಕೊಡಲಿಲ್ಲ. ನ್ಯಾಯಾಲಯದಲ್ಲಿ ಅವನು ಗೆಲ್ಲುವ ವೇಳೆಗೆ ಆಸ್ತಿ ಕರಗಿತ್ತು. ವ್ಯಾಪಾರ ಬೇಡವೆಂದವರಲ್ಲಿ ಮುಂದಾಳು ಊರಿನ ಮೊದಲ ಮೇಯರ್ ಆಗಿದ್ದ ಟಿ. ಸಿ. ಹೆನ್ರಿ. ಅವನು ಚಳಿಗಾಲದ ಗೋಧಿ ಬಿತ್ತಿ ತೋರಿಸಿದ. 1874ರಲ್ಲಿ ರಷ್ಯಾದಿಂದ ಕ್ಯಾನ್ಸಸಿಗೆ ವಲಸೆ ಬಂದ ಮೆನೊನೈಟ್ ಪಂಥದ ರೈತರು ‘ಟರ್ಕಿ ರೆಡ್’ ಎಂಬ ಗಟ್ಟಿ ಕೆಂಪು ಗೋಧಿಯನ್ನು ತಂದರು. ಹುಲ್ಲಿನ ಬಯಲು ಗೋಧಿಯ ಬಯಲಾಯಿತು.

ಈ ಗೋಧಿಯ ಊರಿನಲ್ಲಿ ಬೆಳೆದವರು ಅಧ್ಯಕ್ಷ ಐಸೆನ್‌ಹೋವರ್. ತಂದೆ ಊರಿನ ಬೆಣ್ಣೆ ತಯಾರಿಕೆಯ ಕಾರ್ಖಾನೆಯಲ್ಲಿ ನೌಕರ. ಮಗನೂ ಅಲ್ಲಿ ರಾತ್ರಿಪಾಳಿ ದುಡಿದವರೇ. ಅವರ ಬಾಲ್ಯದ ಮನೆ, ಗ್ರಂಥಾಲಯ, ಸಮಾಧಿ ಎಲ್ಲವೂ ಒಂದೇ ಆವರಣದಲ್ಲಿವೆ. 1954ರಲ್ಲಿ ಅವರು ಸಹಿ ಹಾಕಿದ ಪಿ. ಎಲ್. 480 ಎಂಬ ಕಾನೂನಿನ ಮೂಲಕವೇ ಅಮೆರಿಕದ ಹೆಚ್ಚುವರಿ ಗೋಧಿ ಭಾರತಕ್ಕೆ ಬರತೊಡಗಿದ್ದು. ಅರವತ್ತರ ದಶಕದಲ್ಲಿ ಸೊಸೈಟಿಯ ಮುಂದೆ ಚೀಲ ಹಿಡಿದು ಸಾಲಿನಲ್ಲಿ ನಿಂತವರಿಗೆ, ಶಾಲೆಯಲ್ಲಿ ‘ಕೇರ್’ ಸಂಸ್ಥೆಯ ಉಪ್ಪಿಟ್ಟು ತಿಂದು ಹಾಲಿನಪುಡಿಯ ಹಾಲು ಕುಡಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ರಾಗಿಮುದ್ದೆಯ ಮನೆಯಲ್ಲಿ ಚಪಾತಿ ಲಟ್ಟಿಸಲು ನಮ್ಮ ತಾಯಿ ಕಲಿತದ್ದು ಆಗಲೇ. ಪ್ರದರ್ಶನದ ಗಾಜಿನ ಮುಂದೆ ನಾನು ಇದನ್ನು ಹೇಳಿದಾಗ ಮಗಳು, “ಅಣ್ಣ, ಇದನ್ನು ನೀವು ಯಾವತ್ತೂ ಹೇಳೇ ಇಲ್ಲವಲ್ಲ” ಎಂದಳು. ತಂದೆಯನ್ನು ಅಣ್ಣ ಎನ್ನುವುದು ನಮ್ಮ ಮನೆಯ ರೂಢಿ.

ಕೊನೆಗೆ ಊರಿನ ಸ್ಮಶಾನಕ್ಕೆ ಹೋದೆವು. ಅಬಿಲೀನಿನ ಮಾರ್ಷಲ್ ಎಂದೊಡನೆ ಎಲ್ಲರೂ ಹೇಳುವ ಹೆಸರು ವೈಲ್ಡ್ ಬಿಲ್ ಹಿಕಾಕ್. ಅವನು ಇಲ್ಲಿ ಇದ್ದದ್ದು 1871ರ ಏಪ್ರಿಲಿನಿಂದ ಡಿಸೆಂಬರಿನವರೆಗೆ, ಎಂಟು ತಿಂಗಳು. ಅಕ್ಟೋಬರ್ 5ರ ರಾತ್ರಿ ಒಬ್ಬ ಜೂಜುಕೋರನನ್ನು ಗುಂಡಿಟ್ಟು ಕೊಂದ. ಅದೇ ಗಲಿಬಿಲಿಯಲ್ಲಿ ತನ್ನ ನೆರವಿಗೆ ಓಡಿಬರುತ್ತಿದ್ದ ಸ್ವಂತ ಸಹಾಯಕನನ್ನೂ ಗುರುತಿಸದೆ ಕೊಂದ. ಆದರೆ ಈ ಸ್ಮಶಾನದಲ್ಲಿರುವುದು ಅವನಿಗಿಂತ ಹಿಂದಿನ ಮಾರ್ಷಲ್ ಟಾಮ್ ಸ್ಮಿತ್. 1870ರಲ್ಲಿ, ಊರೊಳಗೆ ಯಾರೂ ಆಯುಧ ಒಯ್ಯಕೂಡದೆಂಬ ಆಜ್ಞೆಯನ್ನು ಬರಿಗೈಯ ಗುದ್ದಿನಿಂದಲೇ ಜಾರಿಗೊಳಿಸಿದವನು. ಒಬ್ಬ ದನಗಾಹಿಯನ್ನೂ ಅವನು ಕೊಲ್ಲಲಿಲ್ಲ. ಬಾಲಕ ಐಸೆನ್‌ಹೋವರ್‌ಗೆ ಇವನೇ ಆದರ್ಶಪುರುಷ. ದೊಡ್ಡವರಾದ ಮೇಲೂ ಊರಿಗೆ ಬಂದಾಗ ಈ ಸಮಾಧಿಗೆ ಬಂದು ನಿಲ್ಲುತ್ತಿದ್ದರು.

“ತಾತ, ಇವರನ್ನು ಕೊಂದದ್ದು ಕೌಬಾಯ್‌ಗಳಾ?” ಎಂದು ಮೊಮ್ಮಗಳು ಕೇಳಿದಳು.

ಅಲ್ಲ. ಊರಾಚೆಯ ಒಬ್ಬ ರೈತ ಮತ್ತು ಅವನ ಜೊತೆಗಾರ. ನೆರೆಯವನು ತನ್ನ ಜಮೀನಿನ ಮೇಲೆ ದನ ಹೊಡೆದುಕೊಂಡು ಹೋದನೆಂದು ಜಗಳವಾಗಿ, ಆ ರೈತ ನೆರೆಯವನನ್ನು ಗುಂಡಿಟ್ಟು ಕೊಂದಿದ್ದ. 1870ರ ನವೆಂಬರ್ 2ರಂದು ಅವನನ್ನು ಹಿಡಿದು ತರಲು ಹೋದ ಸ್ಮಿತ್‌ಗೆ ಮೊದಲು ಗುಂಡು, ಅನಂತರ ಕೊಡಲಿಯ ಏಟು. ಹೊಲಕ್ಕೆ ದನ ನುಗ್ಗಿದ ತಂಟೆಯೆಂದರೆ ಏನೆಂದು ನಾನು ಅವಳಿಗೆ ನಮ್ಮೂರಿನ ಕೊಂಡವಾಡದ ಕತೆಯಿಂದ ಶುರುಮಾಡಿ ಹೇಳಬೇಕಾಯಿತು. ಕಾರು ಹೆದ್ದಾರಿಗೆ ಸೇರುವವರೆಗೂ ಆ ಕತೆ ಮುಗಿಯಲಿಲ್ಲ. ಎರಡೂ ಬದಿಯಲ್ಲಿ ಗೋಧಿ ಕೊಯ್ಲಿಗೆ ಬಂದು ನಿಂತಿತ್ತು.